ಮೀಟರ್ 14 ಅಂದಿತು, ಮರ ಮಾತ್ರ ಹಸಿ

ಪುನರ್ವಸು ಮಳೆ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ, ನಾಲ್ಕು ಅಡಿ ಉದ್ದದ ಹಲಸಿನ ಹಲಗೆಯೊಂದು ಟೇಬಲ್ ಸಾ, ಅಂದರೆ ಮೇಜಿನ ನಡುವಿಂದ ಬ್ಲೇಡು ಎದ್ದು ತಿರುಗುವ ಗರಗಸ ಯಂತ್ರದ ಮೇಲಿಂದ ಹಾರಿ ಬಂದು ನನ್ನ ಹೊಟ್ಟೆಗೆ ಗುದ್ದಿತು. ಉಸಿರು ಸಿಕ್ಕಿಕೊಂಡು ನೆಲಕ್ಕೆ ಕುಕ್ಕರಿಸಿದೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಒಳಗೇನೂ ಆಗಿಲ್ಲ ಎಂದರು. ಆದರೂ ಎರಡು ವಾರ ಮಗ್ಗುಲು ಬದಲಿಸಲು ಒದ್ದಾಡಿದೆ. ಹಲಗೆ ಹಾರಿದ್ದು ಜುಲೈನಲ್ಲಿ. ತಪ್ಪು ಮಾಡಿದ್ದು ಮಾತ್ರ ಏಪ್ರಿಲ್‌ನಲ್ಲಿ, ಸಾಮಿಲ್ ಅಂಗಳದಲ್ಲಿ, ಕೈಯಲ್ಲಿ ತೇವಾಂಶದ ಮೀಟರ್ ಹಿಡಿದುಕೊಂಡೇ.

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಮನೆ ಬದಲಿಸಿದ್ದೆವು. ಮೂಡಿಗೆರೆ ರಸ್ತೆ ಕಡೆ ಹಳೆಯ ಮನೆ. ಹಿತ್ತಿಲಲ್ಲಿ ಕಾಫಿ ಮೂಟೆ ಇಡಲು ಕಟ್ಟಿದ್ದ ಶೀಟ್ ಮಾಡಿನ ಕೊಟ್ಟಿಗೆ. ಬೆಂಗಳೂರಿನಲ್ಲಿ ಎಂಟು ವರ್ಷ ಬಾಲ್ಕನಿಯಲ್ಲಿ ಕೂತು ಪ್ಲೈವುಡ್ ಕೊಯ್ದವನಿಗೆ ಅದನ್ನು ನೋಡಿ ತಲೆ ನಿಲ್ಲಲಿಲ್ಲ. ಪಾತ್ರೆ ಪೆಟ್ಟಿಗೆಗಳನ್ನು ಬಿಚ್ಚುವ ಮೊದಲು ಉಳಿ, ಕೊಡತಿ, ಗರಗಸ ಬಿಚ್ಚಿದೆ. ಮಳೆ ಹಿಡಿಯುವ ಮೊದಲು ಒಂದು ಒಳ್ಳೆಯ ಕೆಲಸದ ಮೇಜು ಆಗಬೇಕು ಅನ್ನುವ ಹಠ. ಆ ಅವಸರವೇ ಎಲ್ಲಕ್ಕೂ ಮೂಲ.

ಸಾಮಿಲ್ಲಿನಲ್ಲಿ ಎಂಟು ಅಡಿ ಉದ್ದ, ಹತ್ತು ಇಂಚು ಅಗಲ, ಎರಡು ಇಂಚು ದಪ್ಪದ ಹಲಸಿನ ಹಲಗೆಗಳು ಬಿಸಿಲಲ್ಲಿ ಒರಗಿ ನಿಂತಿದ್ದವು. ಅರಿಶಿನದಂಥ ಬಣ್ಣ. "ಎರಡು ವರ್ಷ ಒಣಗಿದ ಮಾಲು ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ" ಅಂದರು. ನಾನೇನೂ ಕಣ್ಣು ಮುಚ್ಚಲಿಲ್ಲ. ಜೇಬಿನಿಂದ ಮೀಟರ್ ತೆಗೆದು ಹಲಗೆಗೆ ಚುಚ್ಚಿದೆ. 14 ತೋರಿಸಿತು, ಅಂದರೆ ಶೇಕಡಾ 14 ತೇವ, ಒಣಗಿದ ಮರದ ಲೆಕ್ಕ. ಇನ್ನೊಂದಕ್ಕೆ ಚುಚ್ಚಿದೆ, 13. ನನಗಿಂತ ಜಾಣ ಯಾರಿದ್ದಾರೆ ಅನ್ನಿಸಿತು. ಹತ್ತು ಹಲಗೆ, ಹನ್ನೊಂದು ಘನ ಅಡಿ ಚಿಲ್ಲರೆ, ₹20,000 ಕೊಟ್ಟು ಪಿಕಪ್‌ಗೆ ಹೇರಿಸಿಕೊಂಡು ಬಂದೆ. ಚೀಟಿಯಲ್ಲಿ ಬರೆದುಕೊಟ್ಟದ್ದು "ಮರ" ಎಂಬ ಎರಡಕ್ಷರ ಮತ್ತು ದುಡ್ಡಿನ ಮೊತ್ತ. ಅಷ್ಟೇ.

ಮೀಟರ್ ಸುಳ್ಳು ಹೇಳಿರಲಿಲ್ಲ. ಅದರ ಮೊಳೆಗಳು ಒಳಗೆ ಹೋಗುವುದು ಕೆಲವೇ ಮಿಲಿಮೀಟರ್. ಏಪ್ರಿಲ್ ಬಿಸಿಲಿಗೆ ಹಲಗೆಯ ಚರ್ಮ ಒಣಗಿತ್ತು. ಒಂದು ಇಂಚು ಒಳಗೆ ಏನಿದೆ ಅನ್ನುವುದು ಅದಕ್ಕೆ ಗೊತ್ತಾಗುವ ಹಾಗೇ ಇಲ್ಲ. ನಾನು ಮಾಡಬೇಕಾಗಿದ್ದದ್ದು ಇಷ್ಟು: ಹಲಗೆಯ ತುದಿಯಿಂದ ಒಂದಡಿಯಾದರೂ ಬಿಟ್ಟು ಅಡ್ಡಕ್ಕೆ ಕೊಯ್ಯಿಸಿ, ಆ ಹೊಸ ಕೊಯ್ತದ ನಡುವಿಗೆ ಚುಚ್ಚಬೇಕಿತ್ತು. ತುದಿ ಯಾವತ್ತೂ ಮೊದಲು ಒಣಗುತ್ತದೆ, ಅದನ್ನು ನಂಬಬಾರದು. ಕೊಯ್ಯಲು ಬಿಡುವುದಿಲ್ಲ ಅಂದರೆ ಒಂದು ಹಲಗೆಯ ದುಡ್ಡು ಕೊಟ್ಟು ಅದನ್ನೊಂದನ್ನೇ ಕೊಯ್ಯಿಸಿ. ಎರಡು ಸಾವಿರ ಹೋದರೂ ಹದಿನೆಂಟು ಸಾವಿರ ಉಳಿಯುತ್ತದೆ. ಇನ್ನೊಂದು ಸುಲಭದ ದಾರಿ, ಕೊಯ್ಯುವಾಗ ಬೀಳುವ ಹುಡಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡುವುದು. ಒಣ ಮರದ ಹುಡಿ ಬೆರಳ ಸಂದಿಯಲ್ಲಿ ಸುರಿದು ಹೋಗುತ್ತದೆ. ಹಸಿ ಮರದ್ದು ತಣ್ಣಗೆ, ಅವಲಕ್ಕಿ ನೆನೆಸಿದ ಹಾಗೆ ಉಂಡೆ ಕಟ್ಟುತ್ತದೆ.

ಹಸಿ ಮರದ ಇನ್ನೊಂದು ಗುಣ ಏನೆಂದರೆ, ಹಸಿಯಾಗಿರುವಷ್ಟು ದಿನ ಅದು ಪರಮ ಸಾಧು. ನೆಟ್ಟಗಿರುತ್ತದೆ, ಉಳಿಗೆ ಬೆಣ್ಣೆಯ ಹಾಗೆ ಬಗ್ಗುತ್ತದೆ. ತೇವಾಂಶ ಸುಮಾರು 30 ಶೇಕಡಾಕ್ಕೆ ಇಳಿಯುವವರೆಗೆ ಮರ ಕುಗ್ಗುವುದೇ ಇಲ್ಲ, ಒಳಗಿನ ಪೊಳ್ಳುಗಳಲ್ಲಿರುವ ನೀರು ಮಾತ್ರ ಹೋಗುತ್ತಿರುತ್ತದೆ. ಅದಕ್ಕಿಂತ ಕೆಳಗೆ ಇಳಿದ ಮೇಲೆ ಆಟ ಶುರು. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೆಂದೇ ಹೇಳಬೇಕು. ಮರದ ಅಡ್ಡ ಕೊಯ್ತದಲ್ಲಿ ಕಾಣುವ ವರ್ಷದ ಬಳೆಗಳ ಗುಂಟ ಕುಗ್ಗುವುದು, ಬಳೆಗಳಿಗೆ ಅಡ್ಡವಾಗಿ ಕುಗ್ಗುವುದಕ್ಕಿಂತ ಸುಮಾರು ಎರಡರಷ್ಟು. ಹಲಗೆ ಸೊಟ್ಟಗಾಗುವುದು ಇದಕ್ಕೇ.

ನನ್ನ ಮೇಜು ಜೂನ್ ಮೊದಲ ವಾರ ಸಿದ್ಧವಾಯಿತು. ಪೇಟೆಯಲ್ಲಿ ಕಬ್ಬಿಣದ ಆಂಗಲ್ ಬೆಸೆಸಿ ಕಾಲು ಮಾಡಿಸಿದೆ. ಹಲಗೆಗಳನ್ನು ಅಂಟಿಸಿ 24 ಇಂಚು ಅಗಲದ ಮೇಲ್ಭಾಗ ಮಾಡಿ, ಆ ಆಂಗಲ್‌ಗೆ ಹದಿನಾರು ಸ್ಕ್ರೂ ಬಿಗಿದೆ. ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ್ದೂ ಆಯಿತು.

ಆರಿದ್ರಾ ಮಳೆ ಹಿಡಿಯಿತು. ಮಲೆನಾಡಿನ ಮಳೆಯನ್ನು ರಜೆಗೆ ಬಂದಾಗ ನೋಡುವುದು ಬೇರೆ, ಅದರೊಳಗೆ ಒಂದು ಕಬ್ಬಿಣದ ಯಂತ್ರ ಇಟ್ಟುಕೊಂಡು ಬದುಕುವುದು ಬೇರೆ. ಟೇಬಲ್ ಸಾ ಮೇಲೆ ರಾತ್ರಿ ಮರೆತ ಕಾಫಿ ಲೋಟದ ಗುರುತು ಬೆಳಿಗ್ಗೆಗೆ ಕೆಂಪು ಬಳೆಯಾಗಿತ್ತು. ಉಳಿಗಳಿಗೆ ತುಕ್ಕು, ಮೂಲೆಯಲ್ಲಿಟ್ಟ ಹಲಗೆಗಳಿಗೆ ಕಪ್ಪು ಬೂಷ್ಟು. ನೆಲದ ಸಿಮೆಂಟಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿರಲಿಲ್ಲ, ಹಾಗಾಗಿ ಮಣ್ಣಿನ ತೇವ ಮೇಲಕ್ಕೆ ಬರುತ್ತಲೇ ಇತ್ತು. ಗಾಳಿಯಲ್ಲಿ ತೇವ 80 ಶೇಕಡಾ ಇದ್ದರೆ ಮರ ಎಷ್ಟೇ ದಿನ ಇಟ್ಟರೂ 16ರ ಆಸುಪಾಸಿಗೇ ನಿಲ್ಲುತ್ತದೆ. ಇಲ್ಲಿಂದ ನಲವತ್ತು ಕಿಲೋಮೀಟರ್ ಆಚೆ, ಬಯಲುಸೀಮೆಯ ಕಡೂರಿನಲ್ಲಿ ಇದೇ ಮರ ಇದಕ್ಕಿಂತ ಒಣಗಿರುತ್ತದೆ. ಜಿಲ್ಲೆ ಒಂದೇ, ಮರದ ಲೆಕ್ಕ ಎರಡು.

ಈಗ ಆ ಮಧ್ಯಾಹ್ನಕ್ಕೆ ಬರೋಣ. ಉಳಿದಿದ್ದ ಹಲಗೆಯಲ್ಲಿ ನಾಲ್ಕಡಿ ತುಂಡು ಮಾಡಿಕೊಂಡು ಅದನ್ನು ಉದ್ದಕ್ಕೆ ಸೀಳುತ್ತಿದ್ದೆ. ಮೇಲೆ ಒಣಗಿ ಒಳಗೆ ಹಸಿ ಇರುವ ಮರದಲ್ಲಿ ಒಂದು ಬಗೆಯ ಸೆಳೆತ ತುಂಬಿರುತ್ತದೆ. ಬ್ಲೇಡು ಸೀಳುತ್ತಾ ಹೋದ ಹಾಗೆ ಆ ಸೆಳೆತ ಬಿಡುಗಡೆಯಾಗಿ ಎರಡು ಹೋಳುಗಳೂ ಬ್ಲೇಡಿನ ಹಿಂದೆ ಒಂದಕ್ಕೊಂದು ಮುಚ್ಚಿಕೊಂಡವು. ಬ್ಲೇಡಿನ ಹಿಂಭಾಗದ ಹಲ್ಲುಗಳು ಮೇಲಕ್ಕೆ, ನನ್ನ ಕಡೆಗೆ ತಿರುಗುತ್ತಿರುತ್ತವೆ. ಅವು ಮರವನ್ನು ಕಚ್ಚಿ ಎತ್ತಿ ಎಸೆದವು. ಇದನ್ನು ತಡೆಯಲೆಂದೇ ಬ್ಲೇಡಿನ ಹಿಂದೆ ನಿಲ್ಲುವ ಒಂದು ಉಕ್ಕಿನ ಅಲಗು ಯಂತ್ರದ ಜೊತೆ ಬರುತ್ತದೆ, ರೈವಿಂಗ್ ನೈಫ್ ಅಂತಾರೆ. ಹೋಳುಗಳು ಮುಚ್ಚಿಕೊಳ್ಳದ ಹಾಗೆ ನಡುವೆ ನಿಲ್ಲುವುದೇ ಅದರ ಕೆಲಸ. ನನ್ನದು ಎಲ್ಲಿತ್ತು? ಮನೆ ಬದಲಿಸುವಾಗ ಬಿಚ್ಚಿ, ಹಳೆ ಟವೆಲಿನಲ್ಲಿ ಸುತ್ತಿ, ಅಡುಗೆಮನೆ ಸಾಮಾನಿನ ಪೆಟ್ಟಿಗೆಗೆ ಹಾಕಿದ್ದೆ. ಆ ಪೆಟ್ಟಿಗೆ ಅಟ್ಟದ ಮೇಲಿತ್ತು. ಸಾಲದ್ದಕ್ಕೆ ನಾನು ಬ್ಲೇಡಿನ ನೇರಕ್ಕೇ ನಿಂತಿದ್ದೆ. ಒಂದು ಹೆಜ್ಜೆ ಎಡಕ್ಕಿದ್ದಿದ್ದರೆ ಹಲಗೆ ಗೋಡೆಗೆ ಬಡಿಯುತ್ತಿತ್ತು.

ಮನೆ ಬದಲಿಸುವವರು ಯಂತ್ರದಿಂದ ಏನನ್ನೇ ಬಿಚ್ಚಿದರೂ ಅದನ್ನು ಆ ಯಂತ್ರಕ್ಕೇ ತಂತಿ ಹಾಕಿ ಕಟ್ಟಿ.

ಕರೆಂಟಿನ ಕಥೆ ಚಿಕ್ಕದು. ಕೊಟ್ಟಿಗೆಯಲ್ಲಿದ್ದದ್ದು 6 ಆಂಪಿಯರ್ ಪಾಯಿಂಟ್. 1,800 ವಾಟ್ ಯಂತ್ರ 230 ವೋಲ್ಟ್‌ನಲ್ಲಿ ಹತ್ತಿರ 8 ಆಂಪಿಯರ್ ಎಳೆಯುತ್ತದೆ. ಎಕ್ಸ್‌ಟೆನ್ಷನ್ ವೈರು ಬಿಸಿ ದೋಸೆ ಕಾವಲಿಯಾಗಿತ್ತು. ಅರ್ತ್ ಪಿನ್ನಿನ ಹಿಂದೆ ವೈರೇ ಇರಲಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಯಂತ್ರ ಮುಟ್ಟಿದಾಗ ಕೈ ಜುಮ್ಮೆಂದ ಮೇಲೆ ನನಗೆ ಅದು ಗೊತ್ತಾದದ್ದು. ಮರ ತರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ 16 ಆಂಪಿಯರ್ ಲೈನು, ಅರ್ತ್, ಕರೆಂಟ್ ಸೋರಿದರೆ ತಾನೇ ಲೈನು ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿ.

ಆಗಸ್ಟಿನಲ್ಲಿ ಮೈ ಸರಿಯಾದ ಮೇಲೆ ಒಂದು ಹಲಗೆಯ ನಡುವಿಂದ ತುಂಡು ಕೊಯ್ದು ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. 412 ಗ್ರಾಂ. ಹೆಂಡತಿಯ ಕೇಕ್ ಓವನ್‌ನಲ್ಲಿ ನೂರು ಡಿಗ್ರಿ ಚಿಲ್ಲರೆ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದೆ. 318 ಗ್ರಾಂ. ಕಳೆದುಹೋದ 94ನ್ನು 318ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಹತ್ತಿರ 30 ಶೇಕಡಾ. ನಾಲ್ಕು ತಿಂಗಳು ನನ್ನ ಮನೆಯಲ್ಲಿದ್ದ ಮೇಲೂ ಅಷ್ಟು! ಓವನ್‌ನಲ್ಲಿ ಮುಂದಿನ ಮೂರು ಕೇಕ್‌ಗೂ ಹಲಸಿನ ವಾಸನೆ ಬಂತು ಅನ್ನುವ ದೂರು ಇವತ್ತಿಗೂ ಇದೆ.

ಸಾಮಿಲ್ಲಿಗೆ ಹೋಗಿ ಕೇಳಿದೆ. "ನಮ್ಮ ಮಳೆ ಗೊತ್ತಲ್ಲ ಸಾರ್, ನಿಮ್ಮನೇಲಿ ನೀರು ಎಳ್ಕೊಂಡಿದೆ" ಅಂದರು. ಇದು ಒಪ್ಪುವ ಮಾತಲ್ಲ. ಗಾಳಿಯ ತೇವ 90 ಶೇಕಡಾ ಇದ್ದರೂ ಮರ ಅದರಿಂದ ಹೀರಿಕೊಂಡು ಮುಟ್ಟುವುದು 20ರ ಆಸುಪಾಸು ಮಾತ್ರ. ನಡುವಿನವರೆಗೂ 30 ಇದೆ ಅಂದರೆ ಆ ನೀರು ಮರ ಹುಟ್ಟಿದಲ್ಲಿಂದಲೇ ಬಂದದ್ದು. ಆದರೆ "ಮರ" ಅಂತ ಬರೆದ ಚೀಟಿ ಹಿಡಿದು ಯಾರ ಹತ್ತಿರ ವಾದ ಮಾಡುವುದು? ಯಾವ ಮರ, ಎಷ್ಟು ಘನ ಅಡಿ, ಒಣಗಿದ್ದೋ ಹಸಿಯೋ, ಇಷ್ಟನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ತೇಗ, ಬೀಟೆ ಥರದ ಮರಕ್ಕಂತೂ ಅರಣ್ಯ ಇಲಾಖೆ ಪಾಸ್ ಕೇಳದೆ ಗಾಡಿಗೆ ಹೇರಿಸಬೇಡಿ.

ಅಷ್ಟಕ್ಕೇ ಮುಗಿಯಲಿಲ್ಲ. ದೀಪಾವಳಿ ಹೊತ್ತಿಗೆ ಮೇಜಿನ ಕೆಳಗೆ ಮೈದಾದಂಥ ಹಿಟ್ಟು ಬೀಳಲು ಶುರುವಾಯಿತು. ಕುಟ್ಟೆ, ಅಂದರೆ ಮರ ಕೊರೆಯುವ ಹುಳ, ಹಿಡಿದಿತ್ತು. ಪಕ್ಕದ ಬೀದಿಯ ಹಿರಿಯ ಆಚಾರ್ರು ಬಂದು ಟಾರ್ಚ್ ಹಾಕಿ ನೋಡಿ, "ಬಿಳಿ ಬಿಟ್ಟು ಕೆಚ್ಚು ಮಾತ್ರ ತಗೋಬೇಕಿತ್ತು" ಅಂದರು. ಕೆಚ್ಚು ಅಂದರೆ ಮರದ ನಡುವಿನ ಗಟ್ಟಿ ಭಾಗ. ನಿಜ, ತೂತುಗಳೆಲ್ಲ ಅಂಚಿನ ಬಿಳಿ ಭಾಗದಲ್ಲೇ ಇದ್ದವು. ಅಲ್ಲಿರುವ ಪಿಷ್ಟವೇ ಹುಳದ ಊಟ. ಅವರ ಅಪ್ಪನ ಕಾಲದಲ್ಲಿ ಹಲಗೆಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ ಹೊಗೆ ಕುಡಿಸುತ್ತಿದ್ದರಂತೆ. ಅಮಾವಾಸ್ಯೆ ಹತ್ತಿರ ಕಡಿದ ಮರಕ್ಕೆ ಕುಟ್ಟೆ ಬರುವುದಿಲ್ಲ ಅಂತಲೂ ಹೇಳಿದರು. ಅಮಾವಾಸ್ಯೆ ವಿಚಾರ ಅವರಿಗೇ ಬಿಟ್ಟೆ. ಹೊಗೆ ವಿಚಾರ ಮಾತ್ರ ತಲೆಗೆ ಹೋಯಿತು. ಬಿಳಿ ಭಾಗ ಕೊಯ್ದು ಹಂಡೆ ಒಲೆಗೆ ಹಾಕಿದೆ. ಉಳಿದದ್ದಕ್ಕೆ ಹೊಗೆಯ ಬದಲು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿನೀರಲ್ಲಿ ಕರಗಿಸಿ ಬಳಿದೆ.

ಫೆಬ್ರವರಿಯಲ್ಲಿ, ಒಣ ಗಾಳಿ ಬೀಸತೊಡಗಿದ ಮೇಲೆ, ಒಂದು ರಾತ್ರಿ ಹಿತ್ತಿಲಿಂದ ಪಟಾಕಿ ಹೊಡೆದ ಹಾಗೆ ಸದ್ದು. ಮೇಜು ನಡುವೆ ಉದ್ದಕ್ಕೆ ಸೀಳಿತ್ತು. ಮರ ಹತ್ತಿರ ಅರ್ಧ ಇಂಚು ಕುಗ್ಗಲು ನೋಡಿದೆ, ಕಬ್ಬಿಣದ ಆಂಗಲ್ ಬಿಟ್ಟಿಲ್ಲ. ಸ್ಕ್ರೂ ತೂತುಗಳನ್ನು ಅಡ್ಡಕ್ಕೆ ಉದ್ದ ಮಾಡಿದ್ದರೆ ಮರಕ್ಕೆ ಜರುಗಲು ಜಾಗ ಇರುತ್ತಿತ್ತು. ಅದು ಗೊತ್ತಿದ್ದೂ ಮಾಡಿರಲಿಲ್ಲ, ಒಣಗಿದ ಮರ ಅಲ್ವಾ ಅಂತ.

ಈಗ ಅದೇ ಆಂಗಲ್ ಮೇಲೆ 19 ಮಿಲಿಮೀಟರ್ ಪ್ಲೈವುಡ್ ಎರಡು ಪದರ ಅಂಟಿಸಿ ಕೆಲಸ ಮಾಡುತ್ತಿದ್ದೇನೆ. ಎಂಟು ವರ್ಷದ ಬಾಲ್ಕನಿಗೇ ವಾಪಸ್ ಬಂದ ಹಾಗೆ. ಕೊಯ್ಯದೆ ಉಳಿದ ಮೂರು ಹಲಗೆಗಳ ತುದಿಗೆ ಪೇಂಟ್ ಬಳಿದು, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ, ನಡುವೆ ಒಂದಿಂಚಿನ ರೀಪು ಕೊಟ್ಟು ಪೇರಿಸಿ, ಸೀಮೆಸುಣ್ಣದಲ್ಲಿ ತಾರೀಕು ಬರೆದಿದ್ದೇನೆ. ಗಾಳಿಯಲ್ಲಿ ಒಣಗಲು ಇಂಚಿಗೆ ಒಂದು ವರ್ಷ ಅಂತ ಹಳಬರ ಲೆಕ್ಕ. ತಿಂಗಳಿಗೊಮ್ಮೆ ಮೇಲಿನ ಹಲಗೆಯನ್ನು ಕಾಫಿ ಮೂಟೆ ತೂಗುವ ತಕ್ಕಡಿಗೆ ನೇತು ಹಾಕುತ್ತೇನೆ. ಹೋದ ತಿಂಗಳು ಇನ್ನೂ 200 ಗ್ರಾಂ ಇಳಿದಿತ್ತು.