ಗ್ರಿಂಡೆಲ್‌ವಾಲ್ಡ್ ಸುತ್ತ ಮಕ್ಕಳು, ಅಜ್ಜಿ ಜೊತೆ: ಯಾವ ದಾರಿ ಯಾರಿಗೆ?

ಸ್ವಿಟ್ಜರ್ಲೆಂಡಿನ ಗ್ರಿಂಡೆಲ್‌ವಾಲ್ಡ್, ಲೌಟರ್‌ಬ್ರುನೆನ್ ಕಡೆ ಬೆಟ್ಟದಲ್ಲಿ ನಡೆಯೋಕೆ ಯಾವ ದಾರಿ ಹಿಡಿದರೂ ಹಿಮಬೆಟ್ಟ ಕಾಣುತ್ತದೆ. ಹಾಗಾಗಿ ನೋಟ ನೋಡಿ ದಾರಿ ಆರಿಸಿದರೆ ಎಲ್ಲವೂ ಒಂದೇ ಥರ ಆಗಿಬಿಡುತ್ತದೆ, ಎರಡನೇ ದಿನಕ್ಕೇ ಮಕ್ಕಳು ಕಾಲೆಳೆಯುತ್ತಾರೆ. ಮಕ್ಕಳಿಗೆ ಮಾಡೋಕೆ ಏನಿದೆ, ದೊಡ್ಡವರ ಮಂಡಿಗೆ ಎಷ್ಟು ಕಷ್ಟ, ಇವೆರಡನ್ನೇ ನಾನು ಮೊದಲು ನೋಡುವುದು. ನಮ್ಮ ಜೊತೆ ಪ್ರೈಮರಿ ಶಾಲೆಯ ಇಬ್ಬರು ಮಕ್ಕಳು, ನಮ್ಮತ್ತೆ ಇದ್ದರು.

ಮೆನ್ಲಿಖೆನ್‌ನಿಂದ ಕ್ಲೈನೆ ಶೈಡೆಗ್‌ವರೆಗಿನ ದಾರಿ ಅತ್ತೆಯವರಿಗೆ ಹೇಳಿ ಮಾಡಿಸಿದಂತಿತ್ತು. ಕೇಬಲ್ ಕಾರ್ ಇಳಿಯುವ ಜಾಗವೇ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ, ಸುಮಾರು 2,225 ಮೀಟರ್. ಅಲ್ಲಿಂದ ನಾಲ್ಕೂವರೆ ಕಿಲೋಮೀಟರ್ ಅಗಲವಾದ ಜಲ್ಲಿ ದಾರಿ, ನಿಧಾನ ಇಳಿಜಾರು. ಐಗರ್, ಮೊಂಕ್, ಯುಂಗ್‌ಫ್ರೌ ಮೂರೂ ಶಿಖರಗಳು ಎದುರಿಗೇ. ಕೊನೆಗೆ ರೈಲು ನಿಲ್ದಾಣ ಇರುವುದರಿಂದ ಬಂದ ದಾರಿಯಲ್ಲೇ ವಾಪಸ್ ನಡೆಯಬೇಕಿಲ್ಲ. ಆದರೆ ಮಕ್ಕಳಿಗೆ ಶುರುವಿನಲ್ಲಿರುವ ಆಟದ ಜಾಗ ಬಿಟ್ಟರೆ ಮುಂದೆ ಬರೀ ನೋಟ. ಅರ್ಧ ದಾರಿಗೇ "ಇನ್ನೆಷ್ಟು ದೂರ?" ಶುರುವಾಯಿತು.

ಫಿರ್ಸ್ಟ್ ಎಂಬ ಕೇಬಲ್ ಕಾರ್ ನಿಲ್ದಾಣದಿಂದ ಬಾಖಾಲ್ಪ್‌ಜೇ ಸರೋವರಕ್ಕೆ ಹೋಗುವ ದಾರಿ ಇದಕ್ಕೆ ತದ್ವಿರುದ್ಧ. ಒಂದು ಬದಿಗೆ 3 ಕಿಲೋಮೀಟರ್, ನೂರು ಮೀಟರಿನಷ್ಟು ಏರು. ಶುರುವಿನ ಏರಿಗೆ ಅತ್ತೆ ಎರಡು ಸಲ ನಿಂತು ಸುಧಾರಿಸಿಕೊಂಡರು. ಮಕ್ಕಳು ಮಾತ್ರ ಓಡಿದರು! ದಾರಿ ಪಕ್ಕದಲ್ಲೇ ಗಂಟೆ ಕಟ್ಟಿಕೊಂಡ ಹಸುಗಳು, ಅಲ್ಲಲ್ಲಿ ಝರಿ, ಕೊನೆಗೆ ನೀರು. ಗಾಳಿಯಿಲ್ಲದ ಬೆಳಗ್ಗೆ ಶ್ರೆಕ್‌ಹಾರ್ನ್ ಶಿಖರ ಆ ನೀರಲ್ಲಿ ತಲೆಕೆಳಗಾಗಿ ಕಾಣುತ್ತದೆ. ನಮ್ಮ ಚಿಕ್ಕವಳು ಅದನ್ನು ನೋಡಲೇ ಇಲ್ಲ. ಚಪ್ಪಟೆ ಕಲ್ಲು ಆರಿಸಿ, ಝರಿಗೆ ಅಡ್ಡಲಾಗಿ ಜೋಡಿಸಿ, ನೀರು ಎಲ್ಲಿಂದ ನುಸುಳುತ್ತದೆ ಅಂತ ನೋಡುತ್ತಾ ಕೂತಳು. ಬೆರಳು ಕೆಂಪಾದರೂ ಏಳಲಿಲ್ಲ. ಸರೋವರದ ಹತ್ತಿರ ಹೋಟೆಲ್ ಇಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಿ. ಮಕ್ಕಳಿರುವ ಮನೆಯವರಿಗೆ ಒಂದೇ ದಿನ ಬಿಡುವಿದ್ದರೆ ನನ್ನ ಆಯ್ಕೆ ಇದೇ.

ಐಗರ್ ಟ್ರೇಲ್ ಬಗ್ಗೆ ಒಂದು ಎಚ್ಚರಿಕೆ. ಐಗರ್‌ಗ್ಲೆಚರ್ ನಿಲ್ದಾಣದಿಂದ ಆಲ್ಪಿಗ್ಲೆನ್‌ವರೆಗೆ 6 ಕಿಲೋಮೀಟರ್, ಹೆಚ್ಚುಕಡಿಮೆ ಪೂರ್ತಿ ಇಳಿಜಾರು. ಇಳಿಯೋದು ತಾನೇ ಅಂತ ಸುಲಭ ಅಂದುಕೊಳ್ಳಬೇಡಿ. ಸಡಿಲ ಕಲ್ಲಿನ ಮೇಲೆ 700 ಮೀಟರ್ ಇಳಿದರೆ ಮಂಡಿ ಮಾತಾಡುತ್ತದೆ. ಅತ್ತೆಯನ್ನು ಕರೆದುಕೊಂಡು ಹೋಗಲಿಲ್ಲ, ದೊಡ್ಡವನೊಬ್ಬನೇ ನನ್ನ ಜೊತೆ ಬಂದ. 1938ರಲ್ಲಿ ನಾಲ್ವರು ಮೊದಲ ಬಾರಿಗೆ ಹತ್ತಿದ ಐಗರ್ ಶಿಖರದ ಉತ್ತರದ ಬಂಡೆಗೋಡೆಯ ಬುಡದಲ್ಲೇ ದಾರಿ ಸಾಗುತ್ತದೆ. ಕತ್ತೆತ್ತಿ ನೋಡಿ ಅವನು ಕೇಳಿದ್ದು ಒಂದೇ: "ರಾತ್ರಿ ಎಲ್ಲಿ ಮಲಗ್ತಿದ್ರು?"

ದಾರಿ ತೋರಿಸುವ ಹಳದಿ ಫಲಕಗಳಲ್ಲಿ ಬರೆದಿರುವುದು ದೂರವಲ್ಲ, ಸಮಯ. ಅದು ನಿಲ್ಲದೆ ನಡೆಯುವವರ ಲೆಕ್ಕ. ಮಕ್ಕಳಿದ್ದರೆ ಒಂದೂವರೆ ಪಟ್ಟು ಹಿಡಿಯಿರಿ. ಫಲಕದ ತುದಿಯಲ್ಲಿ ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ದರೆ ಅದು ಬೆಟ್ಟದ ದಾರಿ, ಒಳ್ಳೆಯ ಶೂ ಬೇಕೇ ಬೇಕು.

ನಮ್ಮ ಶಾಲೆಗಳ ರಜೆ ಏಪ್ರಿಲ್-ಮೇನಲ್ಲಿ ಅಲ್ವಾ? ಆಗ ಮೇಲಿನ ದಾರಿಗಳಲ್ಲಿ ಇನ್ನೂ ಹಿಮ, ಕೆಲವು ಕೇಬಲ್ ಕಾರುಗಳೂ ನಿಂತಿರುತ್ತವೆ. ಆ ಸಮಯಕ್ಕೂ, ಮೋಡ ಕವಿದ ದಿನಕ್ಕೂ ಲೌಟರ್‌ಬ್ರುನೆನ್ ಕಣಿವೆಯೇ ಸರಿ. 297 ಮೀಟರ್ ಎತ್ತರದ ಸ್ಟೌಬಾಖ್ ಜಲಪಾತ ನೋಡಿಕೊಂಡು, ಸಮತಟ್ಟು ದಾರಿಯಲ್ಲಿ ಮುಕ್ಕಾಲು ಗಂಟೆ ನಡೆದರೆ ಟ್ರುಮೆಲ್‌ಬಾಖ್. ಅಲ್ಲಿ ಬಂಡೆಯ ಹೊಟ್ಟೆಯೊಳಗೇ ಹತ್ತು ಜಲಪಾತ. 4 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಮೆಟ್ಟಿಲು ಒದ್ದೆ, ಚಳಿ ಜಾಸ್ತಿ. ಬಿಸಿಲಿದ್ದರೂ ರೇನ್‌ಕೋಟ್ ಹಾಕಿಕೊಂಡೇ ಒಳಗೆ ಹೋಗಿ.