108ಕ್ಕೆ ಫೋನ್ ಮಾಡೋದಾ, ಆಟೋ ಹಿಡಿಯೋದಾ?

ಎರಡೂ ಆಸ್ಪತ್ರೆಗೇ ಹೋಗುತ್ತವೆ. ಆದರೆ 108ರಲ್ಲಿ ಆಕ್ಸಿಜನ್ ಇದೆ, ದಾರಿಯಲ್ಲೇ ನೋಡಿಕೊಳ್ಳುವ ತರಬೇತಾದ ಸಿಬ್ಬಂದಿ ಇದ್ದಾರೆ. ಆಟೋದಲ್ಲಿ ಸೀಟು ಮಾತ್ರ. ದಾರಿಯಲ್ಲಿ ರೋಗಿಗೆ ಹೆಚ್ಚುಕಮ್ಮಿ ಆಗಬಹುದು ಅನ್ನಿಸಿದರೆ 108.

ಎದೆ ಹಿಂಡಿ ಬೆವರು ಕಿತ್ತುಕೊಂಡು ಬಂದರೆ, ಉಸಿರು ಸಿಗದಿದ್ದರೆ, ಹಾವು ಕಚ್ಚಿದರೆ, ಅಪಘಾತವಾದರೆ, ಹೆರಿಗೆ ನೋವು ಶುರುವಾದರೆ ಯೋಚಿಸುತ್ತಾ ಕೂರಬೇಡಿ. ಲಕ್ವ ಮಾತ್ರ ಮೋಸ ಮಾಡುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ. ನಗಲು ಹೇಳಿದರೆ ಬಾಯಿ ಸೊಟ್ಟಗಾಗುತ್ತದೆ, ಎರಡೂ ಕೈ ಎತ್ತಿಸಿದರೆ ಒಂದು ಕೆಳಗೆ ಜಾರುತ್ತದೆ, ಮಾತು ತೊದಲುತ್ತದೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. 'ಸ್ವಲ್ಪ ಮಲಗಿದರೆ ಸರಿಹೋಗುತ್ತೆ' ಅನ್ನೋರು ಎಲ್ಲ ಮನೆಯಲ್ಲೂ ಒಬ್ಬರು ಇರುತ್ತಾರೆ, ಅಲ್ವಾ? ಅವರ ಮಾತು ಕೇಳಬೇಡಿ.

ಉಳುಕಿದ ಕಾಲು, ಡ್ರೆಸ್ಸಿಂಗ್, ಮೊದಲೇ ಗೊತ್ತಿರುವ ಸ್ಕ್ಯಾನಿಂಗ್‌ಗೆ ಆಟೋ ಸಾಕು. 108 ಪುಕ್ಕಟೆ, ನಿಜ. ಆದರೆ ತಾಲ್ಲೂಕಿಗೆ ಇರೋದು ಕೆಲವೇ ಗಾಡಿ. ಒಂದು ಡ್ರೆಸ್ಸಿಂಗಿಗೆ ಹೊರಟರೆ, ಅಷ್ಟು ಹೊತ್ತು ಪಕ್ಕದ ಹಳ್ಳಿಗೆ ದೂರದ ಗಾಡಿಯೇ ಬರಬೇಕು.

ಗೊಂದಲವಿದ್ದರೆ 104 ಸಹಾಯವಾಣಿಯಲ್ಲಿ ಸಲಹೆ ಕೇಳಬಹುದು. ಮೇಲಿನ ಲಕ್ಷಣ ಕಂಡಾಗ ಮಾತ್ರ ಅಲ್ಲಿ ಹೊತ್ತು ಕಳೆಯಬೇಡಿ. ಇನ್ನು ಸರ್ಕಾರಿ ಆಸ್ಪತ್ರೆಯಿಂದ ಬಾಣಂತಿ, ಮಗುವನ್ನು ಮನೆಗೆ ಬಿಡಲು 'ನಗು-ಮಗು' ಗಾಡಿ ಬೇರೆಯೇ ಇದೆ, ವಾರ್ಡಿನಲ್ಲೇ ಕೇಳಿ.