ಕೈಯಲ್ಲಿ ತಿರುಗಿಸುವ ಜೂಮ್‌ಗೇ ನನ್ನ ಓಟು

ಮಿರರ್‌ಲೆಸ್ ಕ್ಯಾಮೆರಾ ಜೊತೆ ಬರುವ ಪುಟ್ಟ ಕಿಟ್ ಜೂಮ್ ಲೆನ್ಸ್ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು: 'ಸದ್ಯಕ್ಕೆ ಇಟ್ಕೊಳ್ಳಿ, ಆಮೇಲೆ ಒಳ್ಳೇದು ತಗೊಳ್ಳಿ.' ನಾನು ಒಪ್ಪುವುದಿಲ್ಲ. ಊರು ಸುತ್ತುವಾಗ ನನ್ನ ಕ್ಯಾಮೆರಾದಲ್ಲಿ ಇರುವುದು ಅದೇ. ನನ್ನದು ನಿಕಾನ್ 16-50, ತಮ್ಮನದು ಸೋನಿ 16-50, ಗೆಳತಿಯದು ಕ್ಯಾನನ್ 18-45. ಈ ಅಂಕಿಗಳು ಮಿಲಿಮೀಟರ್ ಲೆಕ್ಕದ ಫೋಕಲ್ ಲೆಂಗ್ತ್: ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. ಮೂರನ್ನೂ ಚೆನ್ನಾಗಿ ಬಳಸಿದ್ದೇನೆ.

ತೂಕ ನೋಡಿ ಆರಿಸಬೇಡಿ. ಸೋನಿ 116 ಗ್ರಾಂ, ಕ್ಯಾನನ್ 130, ನಿಕಾನ್ 135. ಕೈಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಗೊತ್ತಾಗುವುದು ಜೂಮ್ ಮಾಡುವಾಗ.

ಸೋನಿಯದು 2012ರ ಲೆನ್ಸ್, ಒಳಗೆ ಮೋಟಾರ್. ಆನ್ ಮಾಡಿದರೆ ತಾನೇ ಹೊರಗೆ ಬರುತ್ತದೆ, ಆಫ್ ಮಾಡಿದರೆ ಒಳಗೆ ಹೋಗುತ್ತದೆ. ಬೇಲೂರಿನ ಮದನಿಕೆಯೊಂದಕ್ಕೆ 50ರವರೆಗೆ ಎಳೆದು ಫ್ರೇಮ್ ಹೊಂದಿಸಿರುತ್ತೀರಿ. ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಮತ್ತೆ 16ರಿಂದಲೇ ಶುರು. ವಿಡಿಯೋ ಮಾಡುವವರಿಗೆ ಆ ನುಣುಪಾದ ಜೂಮ್ ಇಷ್ಟವಾಗಬಹುದು. ಫೋಟೋಗೆ ನನಗಂತೂ ಕಿರಿಕಿರಿ. 16ರಲ್ಲಿ ಮೂಲೆಗಳೂ ಮಸುಕು. 2024ರಲ್ಲಿ ಇದರ ಎರಡನೇ ಆವೃತ್ತಿ ಬಂತು, ಅದರಲ್ಲೂ ಮೋಟಾರ್ ಜೂಮೇ.

ನಿಕಾನ್‌ನದು ಒಮ್ಮೆ ತಿರುಗಿಸಿ ತೆರೆದರೆ ಆಯಿತು. ನೀವು ಬಿಟ್ಟಲ್ಲೇ ನಿಂತಿರುತ್ತದೆ. ಶಿಲ್ಪದ ಆಭರಣದ ಕುಸುರಿ 16ರಲ್ಲೂ ಅಂಚಿನವರೆಗೆ ಗರಿಗರಿಯಾಗಿ ಬರುತ್ತದೆ. 24ರಲ್ಲಿ 20 ಸೆಂಟಿಮೀಟರ್ ದೂರಕ್ಕೂ ಫೋಕಸ್ ಆಗುತ್ತದೆ, ಹಾಗಾಗಿ ಟೇಬಲ್ ಮೇಲಿನ ದೋಸೆ ತಟ್ಟೆಗೆ ಎದ್ದು ನಿಲ್ಲಬೇಕಿಲ್ಲ. ಮೌಂಟ್ (ಕ್ಯಾಮೆರಾಗೆ ಕೂರುವ ಭಾಗ) ಮಾತ್ರ ಪ್ಲಾಸ್ಟಿಕ್, ಹುಡ್ (ಬಿಸಿಲಿಗೆ ಹಿಡಿಯುವ ಮರೆ) ಬೇರೆ ಕೊಳ್ಳಬೇಕು. ಈ ಬೆಲೆಯ ಲೆನ್ಸ್‌ಗೆ ಹುಡ್ ಜೊತೆಗೇ ಕೊಡಬೇಕಿತ್ತು, ಅಲ್ವಾ?

ಕ್ಯಾನನ್ ಕೂಡ ಕೈಯಲ್ಲಿ ತಿರುಗಿಸುವಂಥದ್ದೇ, ಆದರೆ ಅಗಲ ಸಾಲದು. ಆ ಕ್ಯಾಮೆರಾದ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ತುಸು ಚಿಕ್ಕದು, 1.6 ಕ್ರಾಪ್, ಅಂದರೆ ಫೋಕಲ್ ಲೆಂಗ್ತ್ ಅನ್ನು 1.6ರಿಂದ ಗುಣಿಸಬೇಕು. ಫುಲ್ ಫ್ರೇಮ್ (35 ಎಂಎಂ ಫಿಲ್ಮ್ ಅಳತೆಯ ದೊಡ್ಡ ಸೆನ್ಸರ್) ಲೆಕ್ಕದಲ್ಲಿ 18 ಎಂದರೆ ಸುಮಾರು 29. ಉಳಿದ ಎರಡರಲ್ಲಿ ಅದೇ ಲೆಕ್ಕಕ್ಕೆ 24 ಸಿಗುತ್ತದೆ. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ದೇವಸ್ಥಾನದ ನವರಂಗದೊಳಗೆ ನಿಂತು ಹಿಂದೆ ಸರಿಯಲು ಹೋದರೆ ಬೆನ್ನಿಗೆ ಕಂಬ ತಾಗುತ್ತದೆ, ಆಗ ಅದರ ಬೆಲೆ ಗೊತ್ತಾಗುತ್ತದೆ. ಜೊತೆಗೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು) ಶುರುವಾಗುವುದೇ 4.5ರಿಂದ. ಉಳಿದೆರಡಕ್ಕೆ 3.5. ಒಳಗಿನ ಕತ್ತಲಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) ಅಷ್ಟು ಮೇಲೆ ಹೋಗುತ್ತದೆ, ಚಿತ್ರ ಕಾಳುಕಾಳಾಗುತ್ತದೆ.

ಮೂರರಲ್ಲೂ ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ವ್ಯವಸ್ಥೆ) ಇದೆ. ಕಲ್ಲಿನ ಕಂಬಕ್ಕೆ ಟ್ರೈಪಾಡ್ ಇಲ್ಲದೆ 1/10 ಸೆಕೆಂಡಿನಲ್ಲೂ ತೆಗೆಯಬಹುದು. ಓಡುವ ಮಕ್ಕಳಿಗೆ ಇದು ನಡೆಯುವುದಿಲ್ಲ. ಸಂಜೆ ಮೇಲೆ ಮನೆಯೊಳಗೆ ಮಕ್ಕಳ ಫೋಟೋ ಜಾಸ್ತಿ ತೆಗೆಯುವವರು ಇವುಗಳನ್ನು ಬಿಟ್ಟು ಎಫ್ 1.8 ಅಪರ್ಚರ್‌ನ ಒಂದು ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ನೋಡಿ.

ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ನಿಕಾನ್. ಈಗಾಗಲೇ ಸೋನಿ ಬಾಡಿ ಇದ್ದವರು ಸುಮ್ನೆ ಕಂಪನಿ ಬದಲಿಸಬೇಡಿ. ಸೋನಿಯದೇ 18-135 ಇದೆ. 325 ಗ್ರಾಂ ತೂಗುತ್ತದೆ, ಜೇಬಿಗೆ ಹಿಡಿಸುವುದಿಲ್ಲ, ಅಗಲವೂ ಸ್ವಲ್ಪ ಕಡಿಮೆ. ಆದರೆ ಜೂಮ್ ರಿಂಗ್ ನಿಮ್ಮ ಕೈಯಲ್ಲೇ ಇರುತ್ತದೆ, ಮದನಿಕೆಯ ಮುಖವೂ ಹತ್ತಿರಕ್ಕೆ ಬರುತ್ತದೆ.